ನೀರಿಲ್ಲದೆಯೂ ಹೊಳೆಯುವ ಹೊಳೆಗಲ್ಲು

ಹೊಳೆಯಲ್ಲಿ ಕಾಲು ಇಳಿಬಿಟ್ಟು ಕೂತವರೆಲ್ಲ ಒಂದಲ್ಲ ಒಂದು ಸಲ ಕಲ್ಲು ಆಯ್ದಿರುತ್ತಾರೆ. ನೀರೊಳಗೆ ಜೇನುಬಣ್ಣ, ಕಡುಗೆಂಪು, ಹಾಲುಬಿಳಿಯ ಪಟ್ಟೆ ಎಲ್ಲವೂ ಕಂಡ ಕಲ್ಲು ಜೇಬಿನಲ್ಲಿ ಒಣಗಿ ಮನೆ ಸೇರುವಷ್ಟರಲ್ಲಿ ಮಂಕಾಗಿರುತ್ತದೆ. ಬಣ್ಣ ಎಲ್ಲಿಗೂ ಹೋಗಿರುವುದಿಲ್ಲ. ಕಲ್ಲಿನ ಮೈತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಗೀರು, ಕುಳಿಗಳಿರುತ್ತವೆ. ಅವು ಬೆಳಕನ್ನು ದಿಕ್ಕುದಿಕ್ಕಿಗೆ ಚದುರಿಸಿಬಿಡುತ್ತವೆ. ನೀರು ಆ ಕುಳಿಗಳನ್ನು ತುಂಬಿದಾಗ ಬೆಳಕು ಕಲ್ಲಿನೊಳಕ್ಕಿಳಿದು ಒಳಗಿನ ಬಣ್ಣವನ್ನು ಹೊರಗೆ ತರುತ್ತದೆ. ಆ ಗೀರುಗಳನ್ನೇ ಇಲ್ಲವಾಗಿಸಿ, ನೀರಿನಲ್ಲಿ ಕಂಡ ಬಣ್ಣವನ್ನು ಕಾಯಂ ಆಗಿ ಉಳಿಸಿಕೊಳ್ಳುವುದೇ ಕಲ್ಲು ಆಯ್ದು, ಕೊಯ್ದು, ಉರುಳಿಸಿ ನುಣುಪಾಗಿಸುವ ಹವ್ಯಾಸ. ಎರಡನೇ ಮಹಾಯುದ್ಧದ ನಂತರ ಅಮೆರಿಕದ ಮನೆಮನೆಯ ಗ್ಯಾರೇಜುಗಳಿಗೆ ಹಬ್ಬಿದ ಈ ಹವ್ಯಾಸ ನಮ್ಮ ದೇಶದಲ್ಲಿ ಕಸುಬಾಗಿ ಸಾವಿರಾರು ವರ್ಷಗಳಿಂದ ಇದೆ.

ಕಂಡ ಕಲ್ಲೆಲ್ಲ ಹೊಳಪಿಗೆ ಬರುವುದಿಲ್ಲ. ಬೆಂಗಳೂರಿನ ಲಾಲ್‌ಬಾಗ್ ಬಂಡೆಯನ್ನೇ ನೋಡಿ. ಸುಮಾರು 300 ಕೋಟಿ ವರ್ಷ ಹಳೆಯ ಆ ನೈಸ್ ಶಿಲೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಅದನ್ನು ಮುಟ್ಟುವಂತಿಲ್ಲ. ಅದೇ ಜಾತಿಯ ಚೂರು ಬೇರೆ ಕಡೆ ಸಿಕ್ಕಿದರೂ ಉರುಳಿಸಲು ಒಗ್ಗುವುದಿಲ್ಲ. ಬೆಣಚುಕಲ್ಲು, ಫೆಲ್ಡ್‌ಸ್ಪಾರ್, ಕಾಗೆಬಂಗಾರ ಮೂರೂ ಅದರಲ್ಲಿ ಬೆರೆತಿವೆ. ಕಾಗೆಬಂಗಾರ ಪದರ ಪದರವಾಗಿ ಏಳುತ್ತದೆ, ಬೆಣಚು ಗಟ್ಟಿಯಾಗಿ ನಿಲ್ಲುತ್ತದೆ, ಮೈ ತಗ್ಗುದಿಣ್ಣೆಯಾಗುತ್ತದೆ. ಬೇಕಾದದ್ದು ಇಡೀ ಕಲ್ಲು ಒಂದೇ ಹದದಲ್ಲಿ ಗಟ್ಟಿಯಾಗಿರುವುದು. ಫ್ರೆಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ ಗಡಸುತನದ ಅಳತೆಯಲ್ಲಿ ವಜ್ರ 10, ಬೆಣಚು 7. ಚಾಕುವಿನ ಮೊನೆಯಿಂದ ಒತ್ತಿ ಎಳೆದಾಗ ಗೀರು ಬೀಳದ, ಗಾಜಿನ ಮೇಲೆ ಎಳೆದರೆ ಗಾಜನ್ನೇ ಗೀರುವ ಕಲ್ಲು ಸಿಕ್ಕಿದರೆ ಅದನ್ನು ಚೀಲಕ್ಕೆ ಹಾಕಿಕೊಳ್ಳಬಹುದು.

ಇಂಥ ಕಲ್ಲುಗಳ ರಾಜ ಅಗೇಟ್, ಅದರ ತವರು ಉತ್ತರ ಕರ್ನಾಟಕದವರ ಕಾಲಡಿಯಲ್ಲೇ ಇದೆ. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಜಿಲ್ಲೆಗಳಿಗೆ ಚಾಚಿಕೊಂಡಿರುವ ದಖನ್ನಿನ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಅದು ಆರುವಾಗ ಒಳಗೆ ಸಿಕ್ಕಿಕೊಂಡ ಅನಿಲದ ಗುಳ್ಳೆಗಳು ಪೊಳ್ಳಾಗಿ ಉಳಿದವು. ಸಿಲಿಕಾ ಕರಗಿದ ನೀರು ಆ ಪೊಳ್ಳುಗಳಿಗೆ ಜಿನುಗಿ ಗೋಡೆಯಿಂದ ಒಳಕ್ಕೆ ಪದರದ ಮೇಲೆ ಪದರ ಕಟ್ಟಿತು. ಲಾವಾ ಸವೆದು ಕಪ್ಪು ಎರೆಮಣ್ಣಾದರೂ ಗಟ್ಟಿಮುಟ್ಟಾದ ಅಗೇಟ್ ಉಂಡೆ ಸವೆಯದೆ ಹೊಲದಲ್ಲಿ, ಹಳ್ಳದಲ್ಲಿ, ಹೊಳೆಯ ಗರಸಿನಲ್ಲಿ ಉಳಿಯುತ್ತದೆ. ಮೇಲೆ ಒರಟು, ಕುಳಿಕುಳಿ ಸಿಪ್ಪೆ. ಬಿಸಿಲಿಗೆ ಹಿಡಿದು ತೆಳುವಾದ ಅಂಚನ್ನು ನೋಡಿದರೆ ಬೆಳಕು ಹಾಯುತ್ತದೆ. ಗುರುತು ಹಿಡಿಯಲು ಅಷ್ಟು ಸಾಕು. ರಾಯಚೂರು ಜಿಲ್ಲೆಯ ಮಸ್ಕಿಯ ಉತ್ಖನನದಲ್ಲಿ ಅಗೇಟ್, ಕಾರ್ನೀಲಿಯನ್ ಮಣಿಗಳು ಸಿಕ್ಕಿವೆ. ನಮ್ಮ ಪೂರ್ವಿಕರಿಗೆ ಈ ಕಲ್ಲಿನ ರುಚಿ ಚೆನ್ನಾಗಿಯೇ ಹತ್ತಿತ್ತು.

ಉಂಡೆಯೊಳಗೆ ಏನಿದೆ ಎಂಬುದು ಕೊಯ್ಯುವ ತನಕ ಗೊತ್ತಾಗುವುದಿಲ್ಲ. ಕೊಯ್ಯುವ ಗರಗಸಕ್ಕೆ ಹಲ್ಲಿರುವುದಿಲ್ಲ. ತೆಳು ತಟ್ಟೆಯ ಅಂಚಿನಲ್ಲಿ ವಜ್ರದ ಪುಡಿ ಕೂರಿಸಿರುತ್ತಾರೆ. ಅದು ಕತ್ತರಿಸುವುದಕ್ಕಿಂತ ಉಜ್ಜುತ್ತ ದಾರಿ ಮಾಡಿಕೊಳ್ಳುತ್ತದೆ. ಹೀಗಾಗಿ ಬಿಸಿಯಾಗದಂತೆ ನೀರೋ ಎಣ್ಣೆಯೋ ಸದಾ ಹರಿಯುತ್ತಿರಬೇಕು. ಪಟ್ಟೆಗಳಿಗೆ ಅಡ್ಡವಾಗಿ ಕೊಯ್ದರೆ ಸಾಲುಗಳು ಒತ್ತೊತ್ತಾಗಿ ಎದ್ದು ಕಾಣುತ್ತವೆ. ಪಟ್ಟೆಯ ಜೊತೆಜೊತೆಗೇ ಕೊಯ್ದರೆ ಒಳ್ಳೆಯ ಕಲ್ಲೂ ಪೇಲವ ಬಿಲ್ಲೆಯಾಗಿ ಹೊರಬೀಳುತ್ತದೆ. ಹೊಸಬರು ಗರಗಸಕ್ಕೆ ಹಣ ಹಾಕುವ ಮೊದಲು ಉರುಳಿಸುವುದನ್ನು ಕಲಿಯಲಿ ಎಂದೇ ನಾನು ಹೇಳುತ್ತೇನೆ. ಖರ್ಚು ಕಡಿಮೆ, ಅಪಾಯ ಇನ್ನೂ ಕಡಿಮೆ, ಕಲಿಸುವುದು ಮಾತ್ರ ಬಹಳ.

ಯಂತ್ರ ಸರಳವಾದದ್ದು. ತಿರುಗುವ ಎರಡು ಸರಳುಗಳ ಮೇಲೆ ಅಡ್ಡ ಮಲಗಿದ ರಬ್ಬರ್ ಪೀಪಾಯಿ, ಪಕ್ಕದಲ್ಲೊಂದು ಪುಟ್ಟ ಮೋಟರು, ಅಷ್ಟೇ. ಪೀಪಾಯಿಯ ಮೂರರಲ್ಲಿ ಎರಡು ಪಾಲಿಗಿಂತ ತುಸು ಹೆಚ್ಚು ಕಲ್ಲು ತುಂಬಬೇಕು. ಕಡಿಮೆಯಾದರೆ ಕಲ್ಲುಗಳು ಜಾರುವ ಬದಲು ದೊಪ್ಪನೆ ಬಿದ್ದು ಒಡೆಯುತ್ತವೆ. ಮೇಲಿನ ಕಲ್ಲುಗಳು ಮುಳುಗಿಯೂ ಮುಳುಗದಷ್ಟು ನೀರು, ಒಂದೆರಡು ಚಮಚ ಸಿಲಿಕಾನ್ ಕಾರ್ಬೈಡ್ ಪುಡಿ. ವಜ್ರದ ಹತ್ತಿರ ಹತ್ತಿರದ ಗಡಸುತನವಿರುವ ಈ ಪುಡಿಯನ್ನು ಮನುಷ್ಯ ಬೇಕಾದಷ್ಟು ತಯಾರಿಸಲು ಕಲಿತದ್ದು 1890ರ ದಶಕದಲ್ಲಿ, ಅಮೆರಿಕದ ಎಡ್ವರ್ಡ್ ಆಚೆಸನ್ ಅವರ ಕುಲುಮೆಯಲ್ಲಿ. ಮೊದಲು 60/90ರ ತರಿ, ನಂತರ 220, ಆಮೇಲೆ 500, ಕಡೆಗೆ ಅಲ್ಯೂಮಿನಿಯಂ ಆಕ್ಸೈಡಿನ ಹಿಟ್ಟು. ಹಗಲು ರಾತ್ರಿ ನಿಲ್ಲಿಸದೆ ತಿರುಗಿಸಿದರೆ ಒಂದೊಂದು ಹಂತಕ್ಕೂ ಸುಮಾರು ಒಂದು ವಾರ ಬೇಕು.

ಹೊಳಪೆಂದರೆ ಮೇಲಿನಿಂದ ಬಳಿಯುವ ಬಣ್ಣವಲ್ಲ. ದಪ್ಪ ಪುಡಿ ದೊಡ್ಡ ಗುಂಡಿಗಳನ್ನು ಅಳಿಸಿ ತನ್ನ ಗೀರುಗಳನ್ನು ಬಿಟ್ಟು ಹೋಗುತ್ತದೆ. ಅದಕ್ಕಿಂತ ಸಣ್ಣದು ಬಂದು ಅವನ್ನು ಅಳಿಸಿ ತನ್ನ ಇನ್ನೂ ಸಣ್ಣ ಗೀರುಗಳನ್ನು ಬಿಡುತ್ತದೆ. ಕೊನೆಗೆ ಬೆಳಕಿಗೂ ತೊಡಕಾಗದಷ್ಟು ಸಣ್ಣ ಗೀರು ಉಳಿದಾಗ ಕಲ್ಲು ಹೊಳೆಯುತ್ತದೆ. ಆದ್ದರಿಂದ ಒಂದು ಹಂತವನ್ನೂ ಬಿಡುವಂತಿಲ್ಲ, ಮೊದಲ ಹಂತದಲ್ಲಂತೂ ಅವಸರ ಕೂಡದು. ವಾರ ಕಳೆದು ಮುಚ್ಚಳ ತೆಗೆದರೆ ಬೂದುಬಣ್ಣದ ಗಟ್ಟಿ ಕೆಸರು, ಅದರೊಳಗೆ ಗುರುತೇ ಸಿಗದ ಕಲ್ಲುಗಳು. ತೊಳೆದು, ಪೂರ್ತಿ ಒಣಗಿಸಿ, ಒಂದೊಂದನ್ನೇ ಬೆಳಕಿಗೆ ತಿರುಗಿಸಿ ನೋಡಬೇಕು. ಒದ್ದೆಯಾಗಿದ್ದಾಗ ಎಲ್ಲವೂ ಚೆಂದವೇ. ಕುಳಿ, ಬಿರುಕು ಉಳಿದ ಕಲ್ಲು ಮತ್ತೆ ಅದೇ ಪುಡಿಗೆ ಹೋಗುತ್ತದೆ, ಇನ್ನೊಂದು ವಾರವೋ ಮೂರು ವಾರವೋ. ಮುಂದಿನ ಹಂತಕ್ಕೆ ಹೋಗುವ ಮೊದಲು ಪೀಪಾಯಿಯ ಅಂಚು, ಮುಚ್ಚಳದ ಸಂದುಗಳನ್ನೆಲ್ಲ ಬ್ರಷ್ ಹಾಕಿ ಉಜ್ಜಿ ತೊಳೆಯಬೇಕು. ದಪ್ಪ ಪುಡಿಯ ಒಂದೇ ಕಾಳು ಉಳಿದರೂ ಕೊನೆಯ ವಾರದ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಆ ಕೆಸರನ್ನು ಮಾತ್ರ ಸಿಂಕಿಗೆ ಸುರಿಯಬೇಡಿ. ಪೈಪಿನೊಳಗೆ ಸಿಮೆಂಟಿನಂತೆ ಗಟ್ಟಿಯಾಗುತ್ತದೆ.

ಇದೇ ಕೆಲಸವನ್ನು ಗುಜರಾತಿನ ಖಂಬಾತ್‌ನಲ್ಲಿ ಮೋಟರು ಬರುವ ಮೊದಲು ಮನುಷ್ಯರೇ ಮಾಡುತ್ತಿದ್ದರು. ಮಣಿಗಳನ್ನೂ ಸಾಣೆಪುಡಿಯನ್ನೂ ಚರ್ಮದ ಚೀಲದಲ್ಲಿ ತುಂಬಿ, ನೀರು ಚಿಮುಕಿಸಿ, ಇಬ್ಬರು ಎದುರುಬದುರು ಕೂತು ದಿನಗಟ್ಟಲೆ ಆಚೀಚೆ ಉರುಳಿಸುತ್ತಿದ್ದರು. ರಾಜಪೀಪ್ಲಾ ಬೆಟ್ಟಗಳ ಕಡೆಯ ರತನ್‌ಪುರದಿಂದ ಬರುವ ಕಲ್ಲನ್ನು ಮಡಕೆಯಲ್ಲಿಟ್ಟು ಸುಟ್ಟರೆ ಒಳಗಿನ ಕಬ್ಬಿಣ ಕೆಂಪಾಗಿ ಕಾರ್ನೀಲಿಯನ್ ಆಗುತ್ತದೆ. ನೆಲದಲ್ಲಿ ನೆಟ್ಟ ಚೂಪು ಕಬ್ಬಿಣದ ಮೊನೆಗೆ ಕಲ್ಲನ್ನು ಆನಿಸಿ ಹಿಡಿದು, ಕೊಂಬಿನ ತಲೆಯ ಸುತ್ತಿಗೆಯಿಂದ ಹದವಾಗಿ ತಟ್ಟಿ ಚಕ್ಕೆ ಎಬ್ಬಿಸುವ ಅವರ ಕೈಚಳಕವನ್ನು ಹರಪ್ಪ ಕಾಲದ ಮಣಿಗಳನ್ನು ಅರಿಯಲು ಪುರಾತತ್ವಜ್ಞರು ಕೂತು ಅಧ್ಯಯನ ಮಾಡಿದ್ದಾರೆ. ಅಲ್ಲಿಗೆ ದೂರವಲ್ಲದ ಲೋಥಲ್‌ನಲ್ಲಿ ಆ ಕಾಲದ ಮಣಿ ಕಾರ್ಖಾನೆಯೇ ಸಿಕ್ಕಿದೆ.

ಖಂಬಾತ್ ಇನ್ನೊಂದನ್ನೂ ಕಲಿಸುತ್ತದೆ, ಅದು ನೋವಿನದು. ಒಣಗಲ್ಲನ್ನು ಸಾಣೆ ಹಿಡಿಯುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶ ಸೇರಿದರೆ ಹೊರಬರುವುದಿಲ್ಲ. ಸಿಲಿಕೋಸಿಸ್ ಎಂಬ ಆ ಕಾಯಿಲೆ ಅಲ್ಲಿನ ಎಷ್ಟೋ ಕುಶಲಕರ್ಮಿಗಳ ಜೀವ ತೆಗೆದಿದೆ. ವಾಸಿ ಮಾಡುವ ಮದ್ದಿಲ್ಲ. ಬಡವರ ಉಸಿರು ಕಟ್ಟಿಸಿ ಬಂದ ಮಣಿಯ ಅಂದವನ್ನು ಅದೊಂದನ್ನು ಮರೆತು ಹೊಗಳಲು ನನಗೆ ಮನಸ್ಸು ಬರುವುದಿಲ್ಲ. ಹವ್ಯಾಸಿಗಳಿಗೆ ಆ ಧೂಳು ಕುಡಿಯಬೇಕಾದ ಯಾವ ಅನಿವಾರ್ಯವೂ ಇಲ್ಲ. ಕೊಯ್ಯುವುದು, ಉಜ್ಜುವುದು, ಪೀಪಾಯಿ ತೊಳೆಯುವುದು ಎಲ್ಲವೂ ಒದ್ದೆಯಲ್ಲೇ ನಡೆಯಲಿ.

ಕಲ್ಲು ಆಯುವ ಜಾಗವನ್ನೂ ನೋಡಿಕೊಳ್ಳಬೇಕು. 1927ರ ಭಾರತೀಯ ಅರಣ್ಯ ಕಾಯ್ದೆಯ ಪ್ರಕಾರ ಕಾಡಿನಲ್ಲಿರುವ ಕಲ್ಲೂ ಅರಣ್ಯ ಉತ್ಪನ್ನವೇ. ಮಸ್ಕಿಯಂಥ ಪುರಾತತ್ವ ನೆಲೆಯಲ್ಲಿ ಎತ್ತಿದ ಚಕ್ಕೆ ಬರೀ ಕಲ್ಲಾಗಿರದೆ ಯಾರದೋ ಕೈಯ ಹತಾರವೂ ಆಗಿರಬಹುದು. ಹೊಲದ್ದಾದರೆ ರೈತರನ್ನು ಕೇಳಿ. ಬಿತ್ತನೆಗೆ ಅಡ್ಡ ಬರುವ ಕಲ್ಲನ್ನು ಒಯ್ಯಲು ಬೇಡವೆನ್ನುವವರು ಕಡಿಮೆ.

ಆಯ್ದ ದಿನವೇ ಊರು, ಹಳ್ಳ, ತಾರೀಕು ಬರೆದ ಚೀಟಿಯನ್ನು ಕಲ್ಲಿನ ಜೊತೆಗಿಡಿ. ದಕ್ಷಿಣ ಭಾರತದ ಆದಿಮಾನವರ ಕಲ್ಲಿನ ಹತಾರಗಳನ್ನು ಕೂಡಿಹಾಕಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಯಾವುದು ಎಲ್ಲಿ ಸಿಕ್ಕಿತೆಂದು ಬರೆದಿಟ್ಟರು. ಅವರ ಸಂಗ್ರಹ ಮದ್ರಾಸಿನ ಮ್ಯೂಸಿಯಂ ಸೇರಿ ಇಂದಿಗೂ ಸಂಶೋಧಕರ ಕೆಲಸಕ್ಕೆ ಬರುತ್ತಿರುವುದು ಆ ಬರಹದ ಬಲದಿಂದ. ಪೀಪಾಯಿಯಲ್ಲಿ ಸಿಪ್ಪೆ ಕಳೆದುಕೊಂಡ ಕಲ್ಲು ಭೀಮೆಯದೋ ಕೃಷ್ಣೆಯದೋ ಎಂದು ಆಮೇಲೆ ಹೇಳುವುದು ಬಲ್ಲವರಿಗೂ ಕಷ್ಟ. ಒಂದೊಂದು ಜಾಗದಿಂದ ತಂದದ್ದರಲ್ಲಿ ಒಂದು ಕಲ್ಲನ್ನಾದರೂ ಉರುಳಿಸದೆ, ಸಿಪ್ಪೆಯ ಸಮೇತ, ಚೀಟಿಯ ಜೊತೆ ಎತ್ತಿಡಿ.