ಅಡಾಪ್ಟರ್ ಸಿಗಲ್ಲ ಅಂದ್ರು, ಮನೇಲೇ ಕಟ್ಟಿದೆ

ಹನಕೆರೆಯಿಂದ ಮಾತಾಡ್ತಿದ್ದೀನಿ. ಹಿಂದೆ ರೈಲಿನ ಸದ್ದು ಕೇಳಿಸಿದ್ರೆ ಅಡ್ಜಸ್ಟ್ ಮಾಡ್ಕೊಳ್ಳಿ. ಎರಡು ವಾರ ಎಪಿಸೋಡ್ ಯಾಕೆ ಬರಲಿಲ್ಲ ಅಂತ ತುಂಬಾ ಜನ ಕೇಳಿದ್ರಿ. ಕಾರಣ ನನ್ನ ಮಿಕ್ಸರ್. ಚಟ್ನಿ ರುಬ್ಬೋ ಮಿಕ್ಸಿ ಅಲ್ಲ, ಎರಡು ಮೈಕಿನ ಸದ್ದನ್ನು ಹದ ಮಾಡಿ ಲ್ಯಾಪ್‌ಟಾಪ್‌ಗೆ ಕಳಿಸೋ ಪೆಟ್ಟಿಗೆ. ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದು, ಆ ಮಾಡೆಲ್ ತಯಾರಿಕೆ ನಿಂತು ವರ್ಷಗಳೇ ಆಗಿವೆ. ಒಂದು ದಿನ ರಾತ್ರಿಯಿಡೀ ಆಫ್ ಮಾಡದೆ, ಅಡಾಪ್ಟರ್ ಮೇಲೆ ಬಟ್ಟೆ ರಾಶಿ ಹಾಕಿ ಮಲಗಿಬಿಟ್ಟಿದ್ದೆ. ಬೆಳಗ್ಗೆ ನೋಡಿದ್ರೆ ಲೈಟೇ ಇಲ್ಲ. ತಪ್ಪು ನಂದೇ.

ಬೇರೆ ಸಮಯ ಆಗಿದ್ರೆ ಸುಮ್ಮನಿರ್ತಿದ್ದೆ. ಆದರೆ ನಮ್ಮ ಬೀದಿಯ ಅಜ್ಜಿಯೊಬ್ಬರು ಸೋಬಾನೆ ಪದ ಹಾಡೋಕೆ ಒಪ್ಪಿದ್ರು. ಎಂಬತ್ತು ದಾಟಿದೆ, ಧ್ವನಿ ಸಣ್ಣ. ಫೋನಲ್ಲಿ ರೆಕಾರ್ಡ್ ಮಾಡಿ ನೋಡಿದೆ, ಹಾಡಿಗಿಂತ ಫ್ಯಾನ್ ಸದ್ದೇ ಮುಂದೆ. ತಿಂಗಳ ಕೊನೆಗೆ ಅವರು ಮಗಳ ಮನೆಗೆ ಹೊರಟಿದ್ರು.

ಮೊದಲು ತಲೆಗೆ ಬಂದಿದ್ದು ಹಳೇ ಲ್ಯಾಪ್‌ಟಾಪ್ ಚಾರ್ಜರ್. ಅದು 19 ವೋಲ್ಟ್, ನನ್ನ ಅಡಾಪ್ಟರ್ ಮೇಲೆ ಬರೆದಿರೋದು 17.5. ಹತ್ತಿರ ಇದೆಯಲ್ಲ, ವೈರ್ ಕತ್ತರಿಸಿ ಸೇರಿಸಿಬಿಡೋಣ ಅಂದ್ಕೊಂಡೆ. ಮದ್ದೂರಲ್ಲಿ ಹಳೇ ರೇಡಿಯೋ ರಿಪೇರಿ ಮಾಡೋ ಅಣ್ಣ ಒಬ್ರಿದ್ದಾರೆ, ಅವರಿಗೆ ತೋರಿಸಿದೆ. ಅವರು ಲೇಬಲ್ ಮೇಲೆ ಬೆರಳಿಟ್ಟು, "ಪೂರ್ತಿ ಓದು ಮಗ" ಅಂದ್ರು. ಎಸಿ, 2 × 17.5 ವೋಲ್ಟ್, 650 ಮಿಲಿಆಂಪ್. ಆ "ಎಸಿ" ಮತ್ತು "2 ×" ಎರಡನ್ನೂ ನಾನು ನೋಡೇ ಇರಲಿಲ್ಲ.

ಫೋನ್, ಲ್ಯಾಪ್‌ಟಾಪ್ ಚಾರ್ಜರ್ ಎಲ್ಲ ಡಿಸಿ ಕೊಡುತ್ತವೆ, ಅಂದ್ರೆ ಒಂದೇ ದಿಕ್ಕಿನ ಕರೆಂಟ್. ನನ್ನ ಮಿಕ್ಸರ್ ಒಳಗಿನ ಚಿಪ್‌ಗಳಿಗೆ ಪ್ಲಸ್ 15 ಮತ್ತು ಮೈನಸ್ 15, ಎರಡೂ ಬೇಕು. ಮೈಕಿಗೆ 48 ವೋಲ್ಟ್ ಬೇರೆ. ಇವೆಲ್ಲ ಒಳಗೇ ಎಸಿಯಿಂದ ತಯಾರಾಗುತ್ತವೆ. ಡಿಸಿ ಕೊಟ್ಟಿದ್ರೆ ಒಂದು ಕಡೆ ಕರೆಂಟ್, ಇನ್ನೊಂದು ಕಡೆ ಸೊನ್ನೆ. ಚಿಪ್ ಸುಡಬಹುದಿತ್ತು.

ಹಾಗಾದ್ರೆ ಅಡಾಪ್ಟರ್ ಒಳಗೆ ಏನಿದೆ? ಒಂದು ಟ್ರಾನ್ಸ್‌ಫಾರ್ಮರ್, ಅಷ್ಟೇ. ನಮ್ಮದೇ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕಳಿಸಿದ್ದೂ ಇದೇ ಉಪಾಯದಲ್ಲಿ: ಇಲ್ಲಿ ವೋಲ್ಟೇಜ್ ಏರಿಸು, ಅಲ್ಲಿ ಇಳಿಸು. ನಂದು 230ನ್ನು ಇಳಿಸಿ, ನಡುವೆ ಒಂದು ವೈರ್ ಹೊರಗೆ ತೆಗೆದು, ಎರಡು ಭಾಗ ಮಾಡಿ ಕೊಡುತ್ತೆ.

"ಈ ಮೂರು ಪಿನ್ನಿನ ಪ್ಲಗ್ ಎಲ್ಲೂ ಸಿಕ್ಕಲ್ಲ. ಸತ್ತೋಗದೆ ಅಂತ ಬಿಸಾಕ್ಬುಟ್ಟಿಯೆ, ವೈರ್ ಸಮೇತ ಮಡಿಕ್ಕೊ" ಅಂದ್ರು ಅಣ್ಣ. ಸುಟ್ಟಿದ್ದು 230 ವೋಲ್ಟಿನ ಕಡೆಯ ಸುತ್ತು ಮಾತ್ರ, ಮಿಕ್ಸರ್ ಕಡೆಯ ಸುತ್ತು ಸರಿಯಾಗೇ ಇತ್ತು. ಹಾಗಾಗಿ ಯಾವ ಪಿನ್ ನಡುವಿನದು ಅಂತ ಮಲ್ಟಿಮೀಟರ್‌ನಲ್ಲಿ ಕಂಡುಹಿಡಿಯೋಕಾಯ್ತು. ಎರಡು ತುದಿಗಳ ಮಧ್ಯೆ ಓಮ್ ಜಾಸ್ತಿ, ತುದಿಗೂ ನಡುವಿಗೂ ಅದರ ಅರ್ಧದಷ್ಟು. ಬರೆದಿಟ್ಟುಕೊಂಡು ಆಮೇಲೆ ಪ್ಲಗ್ ಇರೋ ವೈರ್ ಕತ್ತರಿಸಿದ್ವಿ.

ಮಾರನೇ ದಿನ ರೈಲು ಹತ್ತಿ ಬೆಂಗಳೂರಿನ ಎಸ್‌ಪಿ ರೋಡ್‌ಗೆ ಹೋದೆ. ಮೊದಲ ಅಂಗಡಿಯಲ್ಲಿ 18-0-18 ಖಾಲಿ. "24-0-24 ಇದೆ, 15-0-15 ಇದೆ, ಯಾವುದಾದ್ರೂ ನಡೆಯುತ್ತೆ ತಗೊಳ್ಳಿ ಸಾರ್" ಅಂದ್ರು. ನಡೆಯಲ್ಲ. ಇಲ್ಲಿ ಸ್ವಲ್ಪ ಲೆಕ್ಕ ಇದೆ, ನಾನು ಬಿ.ಕಾಂ., ನನಗೇ ಅರ್ಥ ಆಗಿದೆ, ನಿಮಗೂ ಆಗುತ್ತೆ.

ಎಸಿಯನ್ನು ಡಿಸಿ ಮಾಡಿದಾಗ ವೋಲ್ಟೇಜ್ ಸುಮಾರು 1.41 ಪಟ್ಟು ಆಗುತ್ತೆ. 18 ಇದ್ದದ್ದು 25 ಆಗುತ್ತೆ. ಮಿಕ್ಸರ್ ಒಳಗೆ 7815, 7915 ಅನ್ನೋ ಎರಡು ರೆಗ್ಯುಲೇಟರ್ ಅದನ್ನು ಕಟ್ಟುನಿಟ್ಟಾಗಿ 15ಕ್ಕೆ ಇಳಿಸುತ್ತವೆ. ಅವಕ್ಕೆ 35ರ ಮೇಲೆ ಹೋಗಬಾರದು, ಹದಿನೇಳೂವರೆಗಿಂತ ಕಮ್ಮಿಯೂ ಆಗಬಾರದು. ನಮ್ಮ ಮನೆ ವೋಲ್ಟೇಜ್ 230ಕ್ಕೆ ನಿಲ್ಲಲ್ಲ. ಪಂಪ್‌ಸೆಟ್ ಓಡುವಾಗ 190ಕ್ಕೆ ಇಳಿದಿದ್ದೂ ನೋಡಿದ್ದೀನಿ, ರಾತ್ರಿ 250ಕ್ಕೆ ಏರಿದ್ದೂ ನೋಡಿದ್ದೀನಿ. 24-0-24 ಹಾಕಿದ್ರೆ 250ರಲ್ಲಿ ಒಳಗೆ 36 ದಾಟುತ್ತೆ, ರೆಗ್ಯುಲೇಟರ್ ಹೋಯ್ತು. 15-0-15 ಹಾಕಿದ್ರೆ 190ರಲ್ಲಿ ಹದಿನೇಳರ ಆಸುಪಾಸು, ಹಾಡಿನ ಹಿಂದೆ ಗುಂಯ್ ಅಂತ ಸದ್ದು. 18ಕ್ಕೆ 190ರಲ್ಲಿ 20 ಉಳಿಯುತ್ತೆ, 250ರಲ್ಲಿ 27 ಚಿಲ್ಲರೆ. ಎರಡು ಕಡೆಗೂ ಜಾಗ ಇದೆ. ನಾಲ್ಕನೇ ಅಂಗಡಿಯಲ್ಲಿ 18-0-18, 1 ಆಂಪ್ ಸಿಕ್ಕಿತು. ಆಂಪ್ ಜಾಸ್ತಿ ಇದ್ರೆ ತೊಂದರೆ ಇಲ್ಲ, ಮಿಕ್ಸರ್ ಬೇಕಾದಷ್ಟೇ ಎಳೆದುಕೊಳ್ಳುತ್ತೆ.

ಕಟ್ಟಿದ್ದು ಅಣ್ಣನ ಅಂಗಡೀಲಿ, ಅವರ ಕಣ್ಣೆದುರಿಗೆ. 230 ವೋಲ್ಟ್ ಜೊತೆ ಒಬ್ಬನೇ ಕೂತು ಕಲಿಯೋ ವಿಷಯ ಅಲ್ಲ ಇದು. ಕಬ್ಬಿಣದ ಡಬ್ಬಿ, ಅದಕ್ಕೆ ಅರ್ಥ್ ವೈರ್, 230 ಬರೋ ಕಡೆ 250 ಮಿಲಿಆಂಪ್ ಫ್ಯೂಸ್, ಹೊರಗೆ ಹೋಗೋ ಎರಡು ತುದಿಗೂ ಒಂದೊಂದು ಫ್ಯೂಸ್. ಮೊದಲ ಸಲ ಆನ್ ಮಾಡೋವಾಗ ಮಿಕ್ಸರ್ ಹಾಕಲಿಲ್ಲ. ಲೈನಿಗೆ ಸೀರೀಸ್‌ನಲ್ಲಿ 60 ವಾಟ್ ಬಲ್ಬ್ ಹಾಕಿದ್ರು. ಎಲ್ಲಾದ್ರೂ ಶಾರ್ಟ್ ಇದ್ರೆ ಬಲ್ಬ್ ಜೋರಾಗಿ ಉರಿಯುತ್ತೆ, ಡಬ್ಬಿ ಉಳಿಯುತ್ತೆ. ಬಲ್ಬ್ ಮಂಕಾಗೇ ಇತ್ತು. ಪಿನ್‌ಗಳಲ್ಲಿ ವೋಲ್ಟೇಜ್ ಅಳೆದು, ಸರಿ ಇದೆ ಅಂತಾದ ಮೇಲೇ ಮಿಕ್ಸರ್ ಸೇರಿಸಿದ್ದು.

ಒಟ್ಟು ಖರ್ಚು 870 ರೂಪಾಯಿ, ರೈಲಿನ ಟಿಕೆಟ್ ಸೇರಿ. ಇಂಥದ್ದೇ ಹೊಸ ಮಿಕ್ಸರ್‌ಗೆ 7 ಸಾವಿರದ ಮೇಲೆ ಹೇಳಿದ್ರು. ಅಣ್ಣ ಕೂಲಿ ಬೇಡ ಅಂದ್ರು. ಅದನ್ನು ಲೆಕ್ಕಕ್ಕೆ ಹಿಡಿದ್ರೆ ಉಳಿತಾಯ ಸ್ವಲ್ಪ ಕಮ್ಮಿ.

ಮನೇಲಿ ಮೊದಲ ಟೆಸ್ಟ್‌ನಲ್ಲಿ ಸಣ್ಣ ಗುಂಯ್ ಬಂತು. ಡಬ್ಬಿಯನ್ನು ಮೈಕಿನ ವೈರ್ ಪಕ್ಕದಲ್ಲೇ ಇಟ್ಟಿದ್ದೆ, ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರ ವೈರಿಗೆ ತಾಗ್ತಿತ್ತು. ಒಂದು ಮೀಟರ್ ದೂರ ಸರಿಸಿದೆ, ನಿಂತಿತು.

ಅಜ್ಜಿ ಬಂದ್ರು. ಏಳು ಪದ ಹಾಡಿದ್ರು, ನಡುವೆ ಎರಡು ಸಲ ರೈಲು ಹೋಯ್ತು, ಎರಡು ಸಲ ಮತ್ತೆ ಶುರು ಮಾಡಿದ್ರು. ಹೊರಡೋವಾಗ ಡಬ್ಬಿ ಮೇಲೆ ಕೈಯಿಟ್ಟು, "ಇದ್ಯಾಕ್ಲಾ ಮಗ ಬೆಚ್ಗದೆ?" ಅಂತ ಕೇಳಿದ್ರು. ಬೆಚ್ಚಗಿದ್ರೆ ಸರಿ ಅಜ್ಜಿ, ಕೈ ಇಡೋಕೆ ಆಗದಷ್ಟು ಸುಟ್ಟರೆ ಆಫ್ ಮಾಡ್ಬೇಕು ಅಂದೆ. ಈಗ ಅದರ ಮೇಲೆ ಬಟ್ಟೆ ಹಾಕಲ್ಲ. ಅಜ್ಜಿಯ ಪದಗಳು ಮುಂದಿನ ಎಪಿಸೋಡ್‌ನಲ್ಲಿ, ಇಯರ್‌ಫೋನ್ ಹಾಕಿಕೊಂಡು ಕೇಳಿ.