ಮಂಗಳವಾರದ ಹರಟೆ

ವಿಡಿಯೊ ಗೇಮ್ ಆಡುವುದೇ ಕಾಲಹರಣ ಎಂಬುದು ಬಹುಪಾಲು ಮನೆಗಳಲ್ಲಿ ಹಿರಿಯರ ತೀರ್ಮಾನ. ಹಾಗಿರುವಾಗ, ಆಡಿದ್ದು ಸಾಲದೆಂದು ನಾಲ್ವರು ಗೆಳೆಯರು ಮೈಕಿನ ಮುಂದೆ ಕೂತು ಆ ಆಟಗಳ ಬಗ್ಗೆ ಮೂರು ಮೂರು ಗಂಟೆ ಹರಟುತ್ತಾರೆ, ಅದನ್ನು ಕೇಳಲು ದೇಶವಿದೇಶಗಳ ಜನ ವಾರವಿಡೀ ಕಾಯುತ್ತಾರೆ ಎಂದರೆ ಅಪ್ಪ ಅಮ್ಮಂದಿರು ಏನೆನ್ನಬೇಕು? ‘ಮಾಡೋಕೆ ಕೆಲಸ ಇಲ್ಲದವರು’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡಬಹುದು. ತಮಾಷೆಯೆಂದರೆ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದ ಇಂಥದೊಂದು ಗುಂಪಿನ ಕಥೆ ಶುರುವಾಗುವುದೇ ಅವರಲ್ಲೊಬ್ಬರು ಕೆಲಸ ಕಳೆದುಕೊಂಡಲ್ಲಿಂದ. ಅದೂ ಒಂದು ಆಟದ ಬಗ್ಗೆ ತಮಗೆ ಅನ್ನಿಸಿದ್ದನ್ನು ಬರೆದ ಮೇಲೆ.

ಹತ್ತಕ್ಕೆ ಆರು

ಜೆಫ್ ಗರ್ಸ್ಟ್‌ಮನ್ ‘ಗೇಮ್‌ಸ್ಪಾಟ್’ ಎಂಬ ಅಂತರಜಾಲ ಪತ್ರಿಕೆಯಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದವರು. ಹೊಸ ಆಟಗಳನ್ನು ಆಡಿ, ವಿಮರ್ಶೆ ಬರೆದು, ಕೊನೆಗೆ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುವುದು ಅಲ್ಲಿನ ಪದ್ಧತಿ. 2007ರ ನವೆಂಬರ್‌ನಲ್ಲಿ ‘ಕೇನ್ ಅಂಡ್ ಲಿಂಚ್: ಡೆಡ್ ಮೆನ್’ ಎಂಬ ಆಟಕ್ಕೆ ಅವರು ಕೊಟ್ಟದ್ದು ಆರು. ನಮ್ಮ ಪರೀಕ್ಷೆಗಳ ಲೆಕ್ಕದಲ್ಲಿ ಅದು ಪ್ರಥಮ ದರ್ಜೆ! ಆದರೆ ದೊಡ್ಡ ಕಂಪನಿಗಳ ಆಟಗಳಿಗೆ ಎಂಟು, ಒಂಬತ್ತು ಸಿಗುವುದೇ ರೂಢಿಯಾಗಿದ್ದ ಆ ಲೋಕದಲ್ಲಿ ಆರು ಎಂದರೆ ಅವಮಾನ. ಅದೇ ಸಮಯದಲ್ಲಿ ಆ ತಾಣದ ಮುಖಪುಟದ ತುಂಬ ಅದೇ ಆಟದ ಜಾಹೀರಾತು ರಾರಾಜಿಸುತ್ತಿತ್ತು. ನವೆಂಬರ್ 28ರಂದು ಗರ್ಸ್ಟ್‌ಮನ್ ಅವರನ್ನು ಕೆಲಸದಿಂದ ತೆಗೆಯಲಾಯಿತು.

ಜಾಹೀರಾತಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಕಂಪನಿ ಹೇಳಿತು. ಓದುಗರು ನಂಬಲಿಲ್ಲ. ಗರ್ಸ್ಟ್‌ಮನ್ ಮಾತ್ರ ಬಾಯಿ ಬಿಡುವಂತಿರಲಿಲ್ಲ, ಕಾನೂನಿನ ಕಟ್ಟಿತ್ತು. ಆ ಕಟ್ಟು ಸಡಿಲವಾದದ್ದು 2012ರಲ್ಲಿ. ಜಾಹೀರಾತುದಾರರ ಒತ್ತಡವನ್ನು ನಿಭಾಯಿಸಿ ಅಭ್ಯಾಸವಿಲ್ಲದ ಹೊಸ ಮೇಲಧಿಕಾರಿಗಳು ಮಣಿದುಬಿಟ್ಟರು ಎಂದು ಆಗ ಅವರು ವಿವರಿಸಿದರು.

ಇಲ್ಲಿಗೆ ಒಬ್ಬ ಪತ್ರಕರ್ತನ ಕಥೆ ಮುಗಿಯಬಹುದಿತ್ತು. ಮುಗಿಯಲಿಲ್ಲ. ಪಕ್ಕದ ಮೇಜಿನ ಗೆಳೆಯರಿಗೆ ಅಲ್ಲಿ ಕೂತು ಬರೆಯಲು ಮನಸ್ಸಾಗಲಿಲ್ಲ. ರಾಯನ್ ಡೇವಿಸ್ 2008ರ ಫೆಬ್ರುವರಿಯಲ್ಲಿ ಹೊರಬಂದರು. ಬ್ರಾಡ್ ಶೂಮೇಕರ್, ವಿನ್ನಿ ಕ್ಯಾರಾವೆಲಾ ಹಿಂದೆಯೇ ಬಂದರು. ತಿಂಗಳ ಸಂಬಳವನ್ನು ಬಿಟ್ಟು ಬರುವುದು ಅಮೆರಿಕದಲ್ಲೂ ಹುಡುಗಾಟದ ಮಾತಲ್ಲ.

ಹೆಸರಿಲ್ಲದ ಅಂಗಡಿ

ಗರ್ಸ್ಟ್‌ಮನ್ ಮತ್ತು ಡೇವಿಸ್ ಮೊದಲು ಮಾಡಿದ ಕೆಲಸ ಮಾತಾಡುವುದು. ಹೊಸ ತಾಣ ಸಿದ್ಧವಿರಲಿಲ್ಲ, ಹೆಸರೂ ಗೊತ್ತಾಗಿರಲಿಲ್ಲ. ತಾತ್ಕಾಲಿಕವಾಗಿ ‘ಆರೋ ಪಾಯಿಂಟಿಂಗ್ ಡೌನ್’, ಅಂದರೆ ‘ಕೆಳಗೆ ತೋರಿಸುವ ಬಾಣ’, ಎಂಬ ಅರ್ಥವಿಲ್ಲದ ಹೆಸರಿಟ್ಟು 2008ರ ಆರಂಭದಲ್ಲಿ ಪಾಡ್‌ಕಾಸ್ಟ್ ಶುರು ಮಾಡಿಯೇ ಬಿಟ್ಟರು. ಅಂಗಡಿಗೆ ಬೋರ್ಡು ಬರೆಸುವ ಮೊದಲೇ ವ್ಯಾಪಾರಕ್ಕೆ ಕೂತ ಹಾಗೆ. ಆ ಮಾರ್ಚ್‌ನಲ್ಲಿ ‘ಜೈಂಟ್ ಬಾಂಬ್’ ಎಂಬ ಹೆಸರು ಹೊರಬಿತ್ತು. ಜುಲೈನಲ್ಲಿ ಪೂರ್ಣ ತಾಣ ಬಂತು. ಹರಟೆಗೆ ‘ಜೈಂಟ್ ಬಾಂಬ್‌ಕಾಸ್ಟ್’ ಎಂಬ ಹೆಸರು ಕಾಯಂ ಆಯಿತು.

ಬರಿಗೈಯಲ್ಲಿ ಶುರುವಾದ ಸಾಹಸವೇನೂ ಅಲ್ಲ ಇದು ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ‘ವಿಸ್ಕಿ ಮೀಡಿಯಾ’ ಎಂಬ ಕಂಪನಿಯ ಬಂಡವಾಳ ಬೆನ್ನಿಗಿತ್ತು. ಅದಕ್ಕಿಂತ ಹೆಚ್ಚಾಗಿ, ‘ಇವರು ಸುಳ್ಳು ಹೇಳುವವರಲ್ಲ’ ಎಂಬ ನಂಬಿಕೆ ಓದುಗರಲ್ಲಿ ಆಗಲೇ ಇತ್ತು. ಆ ನಂಬಿಕೆ ಹತ್ತು ವರ್ಷದ ದುಡಿಮೆಯ ಗಳಿಕೆ.

ಪಾಡ್‌ಕಾಸ್ಟ್ ಎಂದರೇನು ಎಂದು ಕೇಳುವ ಹಿರಿಯರಿಗೆ ಎರಡು ಮಾತು. ರೇಡಿಯೊ ಕಾರ್ಯಕ್ರಮವನ್ನು ಅದು ಬಿತ್ತರವಾಗುವ ಹೊತ್ತಿಗೆ ಕೇಳಬೇಕು. ಇದನ್ನು ಬಿಡುವಾದಾಗ ಕೇಳಬಹುದು. ಹೊಸ ಕಂತು ಬಂದಾಗಲೆಲ್ಲ ಪತ್ರಿಕೆಯ ಹುಡುಗ ಬಾಗಿಲಿಗೆ ಹಾಕಿ ಹೋದಂತೆ ಅದು ತಾನಾಗಿಯೇ ಫೋನಿಗೆ ಬಂದು ಬೀಳುತ್ತದೆ. ಆ ಏರ್ಪಾಡಿನ ಹಿಂದೆ ತಂತ್ರಜ್ಞ ಡೇವ್ ವೈನರ್ ಮತ್ತು ಒಂದು ಕಾಲಕ್ಕೆ ಎಂಟಿವಿಯಲ್ಲಿ ನಿರೂಪಕರಾಗಿದ್ದ ಆಡಂ ಕರಿ ಅವರ ಶ್ರಮವಿದೆ. ಐಪಾಡ್ ಮತ್ತು ಬ್ರಾಡ್‌ಕಾಸ್ಟ್ ಎರಡನ್ನೂ ಬೆಸೆದ ಈ ಪದ 2004ರ ಫೆಬ್ರುವರಿಯಲ್ಲಿ ಬ್ರಿಟನ್ನಿನ ‘ಗಾರ್ಡಿಯನ್’ ಪತ್ರಿಕೆಯ ಲೇಖನವೊಂದರಲ್ಲಿ ಕಾಣಿಸಿಕೊಂಡಿತು. 2005ರ ಜೂನ್‌ನಲ್ಲಿ ಆಪಲ್ ಕಂಪನಿ ತನ್ನ ಐಟ್ಯೂನ್ಸ್‌ನಲ್ಲಿ ಪಾಡ್‌ಕಾಸ್ಟ್‌ಗಳಿಗೆ ಜಾಗ ಕೊಟ್ಟ ಮೇಲೆ ಕೇಳುಗರು ಹೆಚ್ಚಿದರು. ಪರವಾನಗಿ ಬೇಡ, ಪ್ರಸಾರ ಗೋಪುರ ಬೇಡ. ಮೈಕು, ಕಂಪ್ಯೂಟರು, ಅಂತರಜಾಲ ಇದ್ದರಾಯಿತು.

ಏನಿರುತ್ತದೆ ಅದರಲ್ಲಿ?

ಬಾಂಬ್‌ಕಾಸ್ಟ್ ಬರುವುದು ಮಂಗಳವಾರ. ಬಹಳ ವರ್ಷ ಅದರ ಸೂತ್ರಧಾರರಾಗಿದ್ದ ರಾಯನ್ ಡೇವಿಸ್, ಇವತ್ತು ಮಂಗಳವಾರ ಎಂದು ಹುರುಪಿನಿಂದ ಸಾರಿಯೇ ಮಾತು ಶುರು ಮಾಡುತ್ತಿದ್ದರು. ಆಮೇಲೆ ಒಬ್ಬೊಬ್ಬರೂ ಆ ವಾರ ಆಡಿದ ಆಟಗಳ ವಿಚಾರ. ನಂತರ ಉದ್ಯಮದ ಸುದ್ದಿ, ಹೊಸ ಬಿಡುಗಡೆಗಳು, ಕೊನೆಗೆ ಕೇಳುಗರ ಪತ್ರ. ಪಟ್ಟಿ ನೋಡಿದರೆ ಶಿಸ್ತಾಗಿದೆ ಎನ್ನಿಸುತ್ತದೆ. ಆದರೆ ಮಾತು ಎಲ್ಲಿ ಪಟ್ಟಿಯ ಮಾತು ಕೇಳುತ್ತದೆ? ನಡುವೆ ಬರ್ಗರ್ ಅಂಗಡಿಗಳ ಹೊಸ ತಿಂಡಿ, ಡಬ್ಬಿಯಲ್ಲಿ ಬರುವ ಶಕ್ತಿವರ್ಧಕ ಪಾನೀಯ, ಕುಸ್ತಿ ಪ್ರದರ್ಶನ, ಚಿಕ್ಕಂದಿನಲ್ಲಿ ನಾಣ್ಯ ಹಾಕಿ ಆಡುತ್ತಿದ್ದ ಯಂತ್ರಗಳು, ಎಲ್ಲವೂ ನುಗ್ಗಿಬಿಡುತ್ತವೆ. ಅರಳಿಕಟ್ಟೆಯ ಪಟ್ಟಾಂಗ ಬಲ್ಲವರಿಗೆ ಈ ಧಾಟಿ ಹೊಸದಲ್ಲ.

ಇಷ್ಟಕ್ಕೂ ಜನ ಇದನ್ನು ಯಾಕೆ ಕೇಳುತ್ತಾರೆ? ಬಸ್ಸಿನಲ್ಲಿ, ಪಾತ್ರೆ ತೊಳೆಯುವಾಗ, ರಾತ್ರಿ ಪಾಳಿಯಲ್ಲಿ ಜೊತೆಗೊಂದು ದನಿ ಬೇಕು ಎನ್ನುವುದು ಒಂದು ಕಾರಣ. ಇನ್ನೊಂದು ಕಾರಣ ವಿಮರ್ಶೆಗೆ ಸೇರಿದ್ದು. ಅಚ್ಚಾದ ಅಂಕಕ್ಕೆ ಮುಖವಿರುವುದಿಲ್ಲ. ಹತ್ತಾರು ಕಂತು ಕೇಳಿದವನಿಗಾದರೋ ಯಾರ ರುಚಿ ಏನು ಎಂಬುದು ತಿಳಿದಿರುತ್ತದೆ. ಹೊಡೆದಾಟದ ಆಟಗಳೆಂದರೆ ಗರ್ಸ್ಟ್‌ಮನ್‌ಗೆ ಪ್ರಾಣ. ಅವರೇ ಅಂಥ ಆಟವೊಂದನ್ನು ಸಪ್ಪೆ ಎಂದರೆ ಅದಕ್ಕೊಂದು ತೂಕ. ಅಂಥ ಆಟವೇ ಸೇರದವರು ಸಪ್ಪೆ ಎಂದರೆ ಬೇರೆಯೇ ತೂಕ. ಊರಿನಲ್ಲಿ ಸಿನಿಮಾ ನೋಡಿ ಬಂದ ಪಕ್ಕದ ಮನೆಯವರ ಮಾತನ್ನು ನಾವು ತೂಗುವುದೂ ಹೀಗೆಯೇ ಅಲ್ಲವೆ?

ಪ್ರತಿ ಡಿಸೆಂಬರ್‌ನಲ್ಲಿ ನಡೆಯುತ್ತಿದ್ದ ‘ವರ್ಷದ ಆಟ’ದ ಆಯ್ಕೆಯನ್ನಂತೂ ಕಾಲೇಜು ವಿದ್ಯಾರ್ಥಿಗಳು ಒಮ್ಮೆಯಾದರೂ ಕೇಳಬೇಕು. ಮತ ಹಾಕಿ ಎಣಿಸಿದರೆ ಐದು ನಿಮಿಷದ ಕೆಲಸ. ಅವರು ಹಾಗೆ ಮಾಡುತ್ತಿರಲಿಲ್ಲ. ಎಲ್ಲರೂ ಸುತ್ತ ಕೂತು, ಆ ವರ್ಷದ ಹತ್ತು ಉತ್ತಮ ಆಟಗಳ ಪಟ್ಟಿಯನ್ನು ಮಾತಿನಿಂದಲೇ ಕಡೆದು ತೆಗೆಯಬೇಕು. ಹಲವು ದಿನಗಳ ಮೇಲೆ ಹಂಚಿದ, ಗಂಟೆಗಟ್ಟಲೆಯ ವಾದ. ಒಂದು ಆಟ ಏಳನೆಯದೋ ಎಂಟನೆಯದೋ ಎಂಬುದಕ್ಕೆ ಮುಕ್ಕಾಲು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಕಥೆ ಚೆನ್ನಾಗಿದ್ದು ಆಟ ಕೆಟ್ಟಿದ್ದರೆ? ಹೊಸದೇನೂ ಇಲ್ಲದಿದ್ದರೂ ಅಚ್ಚುಕಟ್ಟಾಗಿದ್ದರೆ? ‘ನನಗೆ ಇಷ್ಟ’ ಎಂಬ ಮಾತು ಅಲ್ಲಿ ಸಾಕಾಗುವುದಿಲ್ಲ. ಯಾಕೆ ಎಂದು ಪಕ್ಕದವ ಕೇಳುತ್ತಾನೆ. ದನಿ ಏರುತ್ತದೆ, ಯಾರೋ ಸೋಲೊಪ್ಪುತ್ತಾರೆ, ಯಾರೋ ಮುನಿಸಿಕೊಳ್ಳುತ್ತಾರೆ.

ನಮ್ಮ ಶಾಲೆ ಕಾಲೇಜುಗಳ ಚರ್ಚಾಸ್ಪರ್ಧೆಗಳಲ್ಲಿ ಪರವೋ ವಿರೋಧವೋ ಎಂಬುದನ್ನು ಚೀಟಿ ನಿರ್ಧರಿಸುತ್ತದೆ. ನಾಲ್ಕು ನಿಮಿಷಕ್ಕೆ ಗಂಟೆ ಬಾರಿಸಿದರೆ ಮಾತು ಮುಗಿಯಿತು, ಎದುರಾಳಿ ಹೇಳಿದ್ದನ್ನು ಕೇಳಿ ಮನಸ್ಸು ಬದಲಿಸಿಕೊಂಡವನಿಗೆ ಅಲ್ಲಿ ಬಹುಮಾನವಿಲ್ಲ. ಆ ದೃಷ್ಟಿಯಿಂದ ನೋಡಿದರೆ ಈ ಹರಟೆಮಲ್ಲರ ಶಾಲೆಯೇ ವಾಸಿ ಎನ್ನಿಸಿದರೂ ತಪ್ಪಿಲ್ಲ.

ಒಂದು ಕುರ್ಚಿ ಖಾಲಿ

2013ರ ಜುಲೈ 3ರಂದು ರಾಯನ್ ಡೇವಿಸ್ ತೀರಿಕೊಂಡರು. ವಯಸ್ಸು 34. ಮದುವೆಯಾಗಿ ಕೆಲವೇ ದಿನಗಳಾಗಿದ್ದವು.

ವಾರವಾರವೂ ಅವರ ನಗು ಕೇಳಿದ್ದ, ಎಂದೂ ಅವರನ್ನು ಕಾಣದ ಸಾವಿರಾರು ಜನರಿಗೆ ಅದು ಮನೆಯವರ ಸಾವಿನಂತೆ ತಾಗಿತು. ದೂರದ ದನಿಯೊಂದಿಗೆ ಬೆಳೆಯುವ ಇಂಥ ಸಲುಗೆ ವಿಚಿತ್ರವಾದದ್ದು. ಕೇಳುಗನಿಗೆ ಮಾತಾಡುವವನ ಊಟ, ನಿದ್ದೆ, ಸಿಡುಕು ಎಲ್ಲ ಗೊತ್ತು. ಮಾತಾಡುವವನಿಗೆ ಕೇಳುಗನ ಹೆಸರೂ ಗೊತ್ತಿಲ್ಲ. ಮಕ್ಕಳು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಒಬ್ಬರೇ ನಗುವುದನ್ನು ಕಂಡು ಕಂಗಾಲಾಗುವ ಪೋಷಕರು ಇದನ್ನು ತಿಳಿದಿರುವುದು ಒಳ್ಳೆಯದು. ಆ ಗೆಳೆತನ ಸುಳ್ಳೇನೂ ಅಲ್ಲ. ಆದರೆ ಅದು ಒಂದೇ ದಿಕ್ಕಿನದು, ಎದುರು ಕೂತು ಜಗಳವಾಡುವ ಗೆಳೆಯನ ಜಾಗವನ್ನು ಅದು ತುಂಬುವುದಿಲ್ಲ.

ಉಳಿದವರು ಹರಟೆಯನ್ನು ನಿಲ್ಲಿಸಲಿಲ್ಲ. ಮಂಗಳವಾರ ಮಂಗಳವಾರವಾಗಿಯೇ ಉಳಿಯಿತು.

ಯಜಮಾನರು ಬದಲಾದರು

ಹರಟೆಗೂ ಹೊಟ್ಟೆ ಇದೆ. 2010ರಲ್ಲಿಯೇ ಇವರು ಕೇಳುಗರಿಂದ ನೇರವಾಗಿ ಚಂದಾ ಪಡೆಯಲು ಶುರು ಮಾಡಿದ್ದರು: ವರ್ಷಕ್ಕೆ ಸುಮಾರು 50 ಡಾಲರ್. ಜಾಹೀರಾತಿನ ಪೆಟ್ಟು ತಿಂದವರಿಗೆ ಚಂದಾದಾರನ ಬೆಲೆ ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ. ಆದರೂ 2012ರಲ್ಲಿ ತಾಣ ಸಿಬಿಎಸ್ ಇಂಟರಾಕ್ಟಿವ್ ಪಾಲಾಯಿತು. ಆ ಹೊತ್ತಿಗೆ ಹಳೆಯ ಗೇಮ್‌ಸ್ಪಾಟ್ ಕೂಡ ಅದೇ ಕಂಪನಿಯ ಕೈಯಲ್ಲಿತ್ತು! ಹೊರಹಾಕಿದ ಮನೆಗೇ ಗೌರವದಿಂದ ಮರಳಿದಂತಾಯಿತು. ಗರ್ಸ್ಟ್‌ಮನ್ ಬಾಯಿಗೆ ಹಾಕಿದ್ದ ಬೀಗ ತೆರೆದದ್ದೂ ಈ ಸಂದರ್ಭದಲ್ಲಿಯೇ.

2020ರಲ್ಲಿ ರೆಡ್ ವೆಂಚರ್ಸ್, 2022ರಲ್ಲಿ ಫ್ಯಾಂಡಮ್, ಹೀಗೆ ಯಜಮಾನರು ಬದಲಾಗುತ್ತ ಹೋದರು. 2021ರಲ್ಲಿ ವಿನ್ನಿ, ಬ್ರಾಡ್ ಹಾಗೂ ತಂಡದ ಇನ್ನೊಬ್ಬ ಹಳೆಯ ಸಂಗಾತಿ ಅಲೆಕ್ಸ್ ನವಾರೊ ಹೊರಬಂದು ‘ನೆಕ್ಸ್ಟ್‌ಲ್ಯಾಂಡರ್’ ಎಂಬ ತಮ್ಮದೇ ಪಾಡ್‌ಕಾಸ್ಟ್ ಕಟ್ಟಿದರು. 2022ರಲ್ಲಿ ಸ್ವತಃ ಗರ್ಸ್ಟ್‌ಮನ್ ಹೊರನಡೆದು ಒಬ್ಬರೇ ಕಾರ್ಯಕ್ರಮ ಆರಂಭಿಸಿದರು. ಎರಡಕ್ಕೂ ಆಧಾರ ಕೇಳುಗರು ತಿಂಗಳು ತಿಂಗಳು ಕೊಡುವ ಹಣ.

2025ರ ಮೇ ತಿಂಗಳಲ್ಲಿ ಹಳೆಯ ಪ್ರಶ್ನೆ ಮತ್ತೆ ಎದ್ದಿತು. ಏನು ಮಾತಾಡಬೇಕು, ಹೇಗೆ ಮಾತಾಡಬೇಕು ಎಂಬ ಬಗ್ಗೆ ಕಂಪನಿಗೂ ತಂಡಕ್ಕೂ ತಿಕ್ಕಾಟವಾಯಿತು. ಹೊಸ ನಿಯಮಗಳನ್ನು ಪ್ರಸ್ತಾಪಿಸಿದ್ದ ಒಂದು ಕಂತನ್ನೇ ತೆಗೆದುಹಾಕಲಾಯಿತು. ಕಥೆ ಇಲ್ಲಿಗೆ ಮುಗಿಯಿತು ಎಂದು ಅಭಿಮಾನಿಗಳು ಕೈಚೆಲ್ಲಿದ್ದಾಗ, ತಂಡದಲ್ಲಿದ್ದ ಜೆಫ್ ಬಕಾಲರ್ ಮತ್ತು ಜೆಫ್ ಗ್ರಬ್ ಇಬ್ಬರೂ ಸೇರಿ ತಾಣವನ್ನೇ ಕೊಂಡುಕೊಂಡರು. ಮೂಲದ ಜೆಫ್ ಹೋಗಿದ್ದರೂ ಉಳಿಸಿಕೊಂಡವರಿಬ್ಬರೂ ಜೆಫ್‌ಗಳೇ ಎಂಬುದು ಕಾಕತಾಳೀಯ. ಹದಿನೇಳು ವರ್ಷಗಳ ಬಳಿಕ ಹರಟೆ ಹರಟುವವರ ಕೈಗೇ ಬಂತು.

ಮನೆಯಲ್ಲೊಂದು ಕೇಂದ್ರ

ಮನೆಯಿಂದಲೇ ಮಾತನ್ನು ಲೋಕಕ್ಕೆ ಕಳಿಸುವ ಹುಚ್ಚು ಕನ್ನಡನಾಡಿಗೆ ಹೊಸದಲ್ಲ. ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ ಸಣ್ಣದೊಂದು ಬಾನುಲಿ ಕೇಂದ್ರ ನಡೆಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ಕೇಂದ್ರದ್ದು. ಮುಂದೆ ಮೈಸೂರು ಸಂಸ್ಥಾನದ ಸರ್ಕಾರ ಅದನ್ನು ವಹಿಸಿಕೊಂಡಿತು. ಈಗಿನ ಕಾಲದಲ್ಲಿ ಬೆಂಗಳೂರಿನ ಕೆಲವು ಗೆಳೆಯರು ಕೂಡಿ ಕನ್ನಡದಲ್ಲಿ ಪಾಡ್‌ಕಾಸ್ಟ್ ಮಾಡಿದಾಗ ಇಟ್ಟ ಹೆಸರು ‘ತಲೆ-ಹರಟೆ’. ಮನೆಯಲ್ಲಿ ಬೈಸಿಕೊಂಡ ಮಾತನ್ನೇ ಬೋರ್ಡಿಗೆ ಬರೆಸಿದ ಜಾಣತನ ಮೆಚ್ಚತಕ್ಕದ್ದು.

ಮಗನೋ ಮಗಳೋ ಗೆಳೆಯರ ಜೊತೆ ಇಂಥದಕ್ಕೆ ಕೈಹಾಕುತ್ತೇನೆ ಎಂದರೆ ಮೊದಲ ದಿನವೇ ದುಬಾರಿ ಸಾಮಾನು ಕೊಡಿಸುವ ಅಗತ್ಯವಿಲ್ಲ. ಶುರುವಿಗೆ ಫೋನು ಸಾಕು. ಹಣ ಹಾಕುವುದಾದರೆ ಒಬ್ಬೊಬ್ಬರಿಗೂ ಒಂದೊಂದು ಮೈಕಿಗೆ ಹಾಕಬೇಕು, ಒಬ್ಬೊಬ್ಬರ ದನಿಯನ್ನೂ ಬೇರೆ ಬೇರೆಯಾಗಿ ಮುದ್ರಿಸಿಕೊಳ್ಳಬೇಕು. ಆಗ ಒಬ್ಬ ಕೆಮ್ಮಿದರೆ ಅದನ್ನಷ್ಟೇ ತೆಗೆಯಬಹುದು. ಖಾಲಿ ಹಾಲ್‌ಗಿಂತ ಹಾಸಿಗೆ, ಪರದೆ, ಬಟ್ಟೆಯ ರಾಶಿ ಇರುವ ಮಲಗುವ ಕೋಣೆ ವಾಸಿ, ದನಿ ಮಾರ್ದನಿಸುವುದಿಲ್ಲ. ನಡುವೆ ಸಿನಿಮಾ ಹಾಡು ತುರುಕುವ ಆಸೆ ಬೇಡ, ಅದಕ್ಕೆ ಹಕ್ಕುದಾರರಿರುತ್ತಾರೆ. ಒಂದು ಗಂಟೆಯ ಮಾತನ್ನು ಕೇಳಿ, ಕತ್ತರಿಸಿ, ಸರಿಪಡಿಸಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಈ ಬೇಸರದ ಕೆಲಸ ಯಾರದು ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳದ ಗುಂಪುಗಳು ಹತ್ತು ಕಂತು ದಾಟುವುದು ಕಷ್ಟ. ಪರೀಕ್ಷೆಯ ತಿಂಗಳಲ್ಲಿ ಬಿಡುವು ಕೊಡುವುದಾದರೆ ಕೇಳುಗರಿಗೆ ಮೊದಲೇ ಹೇಳಿ ಕೊಡುವುದು ಲೇಸು.

ಮುದ್ರಣ ನಡೆಯುವಾಗ ಫ್ಯಾನ್ ಆರಿಸಿರಬೇಕು. ಕುಕ್ಕರ್ ಕೂಗುವ ಹೊತ್ತನ್ನು ಅಡುಗೆಮನೆಯವರ ಜೊತೆ ಮಾತಾಡಿ ಗೊತ್ತು ಮಾಡಿಕೊಳ್ಳಬೇಕು.