ಹಳೆಯ ಕ್ಯಾರವಾನನ್ನು ಕೊಳ್ಳುವವರಿಗೆ ನಾಲ್ಕು ಮಾತು

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯನ್ನು ಬಲ್ಲ ನಮ್ಮವರಿಗೆ, ಮನೆಯನ್ನೇ ಗಾಲಿಗಳ ಮೇಲಿಟ್ಟು ಊರೂರಿಗೆ ಎಳೆದೊಯ್ಯುವ ಆಂಗ್ಲರ ಪದ್ಧತಿಯು ವಿಸ್ಮಯವನ್ನುಂಟುಮಾಡುವುದು ಸಹಜವಾಗಿದೆ. ಈ ಮನೆಗೆ ಕ್ಯಾರವಾನ್ ಎಂದು ಹೆಸರು. ಇದಕ್ಕೆ ಸ್ವಂತ ಯಂತ್ರವಿಲ್ಲ. ಮೋಟಾರು ಕಾರಿನ ಹಿಂದೆ ಕೊಂಡಿ ಹಾಕಿ ಎಳೆಯಬೇಕು. ಒಳಗೆ ಮಲಗಲು ಮಂಚ, ಅಡಿಗೆಗೆ ಒಲೆ, ನೀರಿಗೆ ತೊಟ್ಟಿ, ಎಲ್ಲವೂ ಉಂಟು. 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ವೈದ್ಯನು ‘ವಾಂಡರರ್’ ಎಂಬ ಕುದುರೆಗಾಡಿಯ ಮನೆಯನ್ನು ಬ್ರಿಸ್ಟಲಿನಲ್ಲಿ ಕಟ್ಟಿಸಿ, ಕೇವಲ ವಿಹಾರಕ್ಕಾಗಿ ನಾಡನ್ನು ಸುತ್ತಿದನು. 1907ರಲ್ಲಿ ಅಲ್ಲಿ ಕ್ಯಾರವಾನ್ ಕ್ಲಬ್ಬು ಸ್ಥಾಪಿತವಾಯಿತು.

ಈಗ ನಮ್ಮ ನಾಡಿನ ಅನೇಕ ಕುಟುಂಬಗಳು ಇಂಗ್ಲೆಂಡಿನಲ್ಲಿ ನೆಲಸಿರುವುವು. ಮಕ್ಕಳೊಡನೆ ಸಮುದ್ರತೀರಕ್ಕೆ ಹೋಗಿ, ಮನೆಯ ಅನ್ನ ಸಾರನ್ನೇ ಉಣ್ಣುತ್ತ ನಾಲ್ಕು ದಿನ ಇರುವ ಆಸೆ ಯಾರಿಗಿಲ್ಲ? ಆದರೆ ಹೊಸ ಗಾಡಿಯ ಬೆಲೆಯು ಇಪ್ಪತ್ತು ಸಾವಿರ ಪೌಂಡುಗಳನ್ನೂ ಮೀರುವುದುಂಟು. ಆದುದರಿಂದ ಒಬ್ಬರು ಬಳಸಿದುದನ್ನು ಕೊಳ್ಳುವವರೇ ಹೆಚ್ಚು. ಅಂಥವರ ಉಳಿತಾಯವು ನೀರುಪಾಲಾಗಬಾರದೆಂದು ಈ ಕೆಲವು ಮಾತುಗಳನ್ನು ಬರೆಯುತ್ತಿದ್ದೇವೆ.

ನೀರುಪಾಲು ಎಂದುದು ಅಕ್ಷರಶಃ ಸತ್ಯ. ಇಂತಹ ಗಾಡಿಗೆ ನೀರೇ ಪರಮಶತ್ರುವು. ಹಳೆಯ ಗಾಡಿಗಳಲ್ಲಿ ಬಹಳಷ್ಟು, ಮರದ ಚೌಕಟ್ಟಿಗೆ ಅಲ್ಯೂಮಿನಿಯಮ್ ತಗಡನ್ನು ಹೊದಿಸಿ ಮಾಡಿದವು. ಮೂಲೆಗಳಲ್ಲಿಯೂ ಕಿಟಕಿಗಳ ಸುತ್ತಲೂ ತುಂಬಿದ ಮೆತ್ತನೆಯ ಲೇಪವು ವರುಷಗಳು ಕಳೆದಂತೆ ಒಣಗಿ ಬಿರಿಯುವುದು. ಆ ಬಿರುಕಿನಿಂದ ಮಳೆಯ ನೀರು ಜಿನುಗಿ ಮರವನ್ನು ಕೊಳೆಯಿಸುವುದು. ಗೆದ್ದಲು ಹಿಡಿದ ಕಂಬವು ಹೊರಗೆ ನೆಟ್ಟಗೆ ಕಾಣುವಂತೆ, ಗಾಡಿಯ ಹೊರಮೈ ಮಾತ್ರ ಥಳಥಳಿಸುತ್ತಲೇ ಇರುವುದು. ಇದನ್ನು ಸರಿಪಡಿಸುವ ಖರ್ಚು ಕೆಲವೊಮ್ಮೆ ಕೊಂಡ ಬೆಲೆಯನ್ನೇ ಮೀರುವುದು.

ಪರೀಕ್ಷೆಗೆ ಮೊದಲು ಮೂಗು ಸಾಕು. ಬಾಗಿಲು ತೆರೆದೊಡನೆ ಮುಗ್ಗಲು ವಾಸನೆ ಬಂದರೆ ಎಚ್ಚರವಾಗಬೇಕು. ಸುಗಂಧವು ಅತಿಯಾಗಿ ಬಂದರೂ ಎಚ್ಚರವಾಗಬೇಕು. ಬೀರುಗಳನ್ನೂ ಮಂಚದ ಕೆಳಗಣ ಪೆಟ್ಟಿಗೆಗಳನ್ನೂ ತೆರೆದು, ಮೂಲೆಗಳನ್ನು ಬೆರಳಿನಿಂದ ಒತ್ತಿ ನೋಡಬೇಕು. ನೆಲದ ಮೇಲೆ ನಡೆಯುವಾಗ ಅದು ಮೆತ್ತಗೆ ಕುಸಿಯಬಾರದು. ತೇವವನ್ನು ಅಳೆಯುವ ಪುಟ್ಟ ಯಂತ್ರವೂ ಉಂಟು. ಅದು ಸಾಮಾನ್ಯವಾಗಿ ನೂರಕ್ಕೆ 15ರ ಒಳಗೆ ತೋರಿಸಿದರೆ ಚಿಂತೆಯಿಲ್ಲ; 20ನ್ನು ಮೀರಿದರೆ ಕಾರಣವನ್ನು ಹುಡುಕಬೇಕು; 30ನ್ನು ಮೀರಿದರೆ ಮರವು ಕೆಟ್ಟಿರುವ ಸಂಭವವುಂಟು.

ಜಾತ್ರೆಯಲ್ಲಿ ಎತ್ತನ್ನು ಕೊಳ್ಳುವ ರೈತನು ಹಲ್ಲನ್ನು ನೋಡಿ ವಯಸ್ಸನ್ನು ತಿಳಿಯುವನಷ್ಟೆ. ಇಲ್ಲಿ ಟೈರಿನ ಪಕ್ಕದ ನಾಲ್ಕು ಅಂಕಿಗಳೇ ಹಲ್ಲು. 2319 ಎಂದಿದ್ದರೆ, 2019ರ 23ನೆಯ ವಾರದಲ್ಲಿ ತಯಾರಾದುದೆಂದು ಅರ್ಥ. ಗಾಡಿಯು ಬಹುಕಾಲ ನಿಂತೇ ಇರುವುದರಿಂದ ಟೈರು ಸವೆಯುವುದಕ್ಕೆ ಮೊದಲೇ ಮುದಿಯಾಗುವುದು. ಏಳು ವರುಷ ಮೀರಿದುದನ್ನು ಬದಲಾಯಿಸಲೇಬೇಕೆಂದು ತಿಳಿದವರ ಮತ.

ಅನಂತರ ಕಾಗದಪತ್ರಗಳು. 1992ರಿಂದೀಚಿನ ಬ್ರಿಟಿಷ್ ಗಾಡಿಗಳಿಗೆ ‘ಕ್ರಿಸ್’ ಎಂಬ ನೋಂದಣಿ ವ್ಯವಸ್ಥೆಯುಂಟು. ಕಿಟಕಿಯ ಗಾಜಿನಲ್ಲಿ ಕೊರೆದ ಸಂಖ್ಯೆಯು ಕಾಗದದಲ್ಲಿರುವ ಸಂಖ್ಯೆಗೆ ಹೊಂದಬೇಕು. ಅದು ಕದ್ದ ಮಾಲೇ, ಅದರ ಮೇಲೆ ಸಾಲವುಂಟೇ ಎಂಬುದನ್ನು ಸ್ವಲ್ಪ ಶುಲ್ಕ ತೆತ್ತು ವಿಚಾರಿಸಬಹುದು. ಮಾರುವವನ ಮನೆಯಲ್ಲಿಯೇ ವ್ಯವಹಾರವನ್ನು ಮುಗಿಸುವುದು ಲೇಸು.

ತೂಕವನ್ನೂ ಮರೆಯಲಾಗದು. 1997ರ ಆರಂಭದಿಂದ ಚಾಲನೆಯ ಪರವಾನಗಿ ಪಡೆದವರು ಭಾರವಾದ ಗಾಡಿಯನ್ನೆಳೆಯಲು ಬೇರೊಂದು ಪರೀಕ್ಷೆಯನ್ನು ಕೊಡಬೇಕಾಗಿದ್ದಿತು. 2021ರ ಡಿಸೆಂಬರಿನಲ್ಲಿ ಆ ನಿಬಂಧನೆಯು ರದ್ದಾಯಿತು. ಕಾಯಿದೆಯು ಸಡಿಲವಾದ ಮಾತ್ರಕ್ಕೆ ರಸ್ತೆಯು ಸುಲಭವಾಗಲಿಲ್ಲ. ಸಾಮಾನು ತುಂಬಿದ ಗಾಡಿಯ ತೂಕವು ಕಾರಿನ ತೂಕದಲ್ಲಿ ನೂರಕ್ಕೆ 85ನ್ನು ಮೀರದಿರಲೆಂದು ಹೊಸಬರಿಗೆ ಹೇಳುವ ಸೂತ್ರ. ಕಾರು 1600 ಕಿಲೋ ಇದ್ದರೆ ಗಾಡಿಯು 1360 ಕಿಲೋದೊಳಗಿರಬೇಕು. ಇಲ್ಲವಾದರೆ ಇಳಿಜಾರಿನಲ್ಲಿ ಗಾಡಿಯು ಬಾಲದಂತೆ ತೂಗಿ ಕಾರನ್ನೇ ಉರುಳಿಸೀತು.

ಕೊನೆಯದಾಗಿ, ಗೃಹಿಣಿಯರು ವಿಶೇಷವಾಗಿ ಗಮನಿಸತಕ್ಕ ಒಂದು ಮಾತು. ಒಲೆಯ ಅನಿಲವು ಗಾಳಿಗಿಂತ ಭಾರವಾದುದು. ಸೋರಿದರೆ ನೆಲಕ್ಕೆ ಇಳಿಯುವುದು. ಅದು ಹೊರಹೋಗಲೆಂದೇ ನೆಲದಲ್ಲಿ ರಂಧ್ರಗಳನ್ನಿಟ್ಟಿರುವರು. ಚಳಿಗೆ ಅಂಜಿ ಹಿಂದಿನ ಒಡೆಯರು ಅವುಗಳನ್ನು ಮುಚ್ಚಿರಬಹುದು. ಅವು ತೆರೆದಿವೆಯೇ, ಅನಿಲದ ಕೊಳವೆಯು ಹಳೆಯದಾಗಿದೆಯೇ, ವಿಷವಾಯುವಿನ ಎಚ್ಚರಿಕೆಯ ಗಂಟೆಯು ಬಾರಿಸುವುದೇ ಎಂದು ನೋಡದೆ ಅಲ್ಲಿ ಮಕ್ಕಳನ್ನು ಮಲಗಿಸಬಾರದು.

ಅಂದವಾದ ಪರದೆಗೂ ಹೊಳೆಯುವ ಬಣ್ಣಕ್ಕೂ ಮನಸೋತು ಅಂದೇ ಹಣವನ್ನೆಣಿಸುವುದು ಬೇಡ. ಒಂದು ರಾತ್ರಿ ಯೋಚಿಸಿ, ಸಾಧ್ಯವಾದರೆ ಬಲ್ಲ ಕುಶಲಿಯೊಬ್ಬನನ್ನು ಕರೆದೊಯ್ದು ಮತ್ತೊಮ್ಮೆ ನೋಡಿರಿ. ಮಳೆ ಸುರಿದ ಮರುದಿನ ಹೋದರೆ ಇನ್ನೂ ಒಳ್ಳೆಯದು.